ಚಲಾವಣೆ

ಮೇಟಗಳ್ಳಿಯ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ
ನೋಟಿನ ಹಾಳೆ ಎಣಿಸಿದವನು ನಾನು.
ಸಂಜೆ ಗೇಟಿನಲ್ಲಿ ಜೇಬು ಮಗುಚಿ, ಬೂಟು ಬಿಚ್ಚಿ,
ಬರಿಗೈ ಎಂದು ತೋರಿಸಿ ಹೊರಬಂದರೆ
ಬಸ್ಸಿಗೆ ಚಿಲ್ಲರೆ ಇರುತ್ತಿರಲಿಲ್ಲ.

ಗೋಕುಲಂ ಮೂರನೇ ಹಂತದಲ್ಲಿ ಮನೆ ಕಟ್ಟಿಸಿದೆ.
ಮಹಡಿಯ ಕೋಣೆಗೆ ಯೋಗ ಕಲಿಯಲು ಬಂದವಳು ತಾಯಿಸಿಯಾ,
ವೋಲ್ಗಾ ದಂಡೆಯ ಯಾವುದೋ ಊರಿನವಳು.
ದಾಕ್ಷಾಯಣಿ ಮೊದಲ ದಿನವೇ ಹೆಸರನ್ನು ಅರ್ಧ ಮಾಡಿದಳು:
ತಾಯಿ, ಕಾಫಿ ಆಯ್ತಾ?
ತಾಯಿ, ನಲ್ಲಿ ನಿಲ್ಲಿಸು.

ಆ ಮಾರ್ಚಿಯ ಒಂದು ಗುರುವಾರ
ದಿನಸಿ ಅಂಗಡಿಯ ಯಂತ್ರ ಅವಳ ಕಾರ್ಡನ್ನು ಕಚ್ಚಿ, ಯೋಚಿಸಿ,
ತಿರಸ್ಕೃತ ಎಂದಿತು.
ಅಂಗಡಿಯ ಉತ್ತಪ್ಪ ಕಾರ್ಡನ್ನು ಅಂಗಿಗೆ ಉಜ್ಜಿ ಮತ್ತೆ ತೂರಿಸಿದ.
ತಿರಸ್ಕೃತ.
ಒಂಟಿಕೊಪ್ಪಲಿನ ಎಟಿಎಂ, ಕಾಳಿದಾಸ ರಸ್ತೆಯ ಎಟಿಎಂ,
ಎಲ್ಲಕ್ಕೂ ಅದೇ ಕೀಚಲು ದನಿ.

ಕಾರ್ಡಿಗೆ ಏನೂ ಆಗಿರಲಿಲ್ಲ.
ಅವಳ ಹೆಸರು ಉಬ್ಬಕ್ಷರದಲ್ಲಿ ಹಾಗೇ ಇತ್ತು,
ಖಾತೆಯಲ್ಲಿ ದುಡ್ಡೂ ಇತ್ತಂತೆ.
ಅವಳದಲ್ಲದ, ನಮ್ಮದೂ ಅಲ್ಲದ ದೇಶದ್ದೊಂದು ಕಟ್ಟಳೆ;
ಅದಕ್ಕೆ ಹೆದರಿಯೋ ಒಪ್ಪಿಯೋ
ಕಾರ್ಡಿನ ಕಂಪನಿಯವರು ಕೀಲಿ ತಿರುವಿದ್ದರು.
ಮೇಲೆಲ್ಲೋ ನಾಲೆಯ ತೂಬು ಮುಚ್ಚಿದ್ದು
ಕೊನೆಯ ಗದ್ದೆಯವನಿಗೆ ತಿಳಿಯುವುದೂ ಹೀಗೇ,
ಪಾದ ಒಣಗಿದಾಗ.

ಅವಳಿಗೆ ನೋಟಿನ ಹಿಂಬದಿ ತೋರಿಸಿದೆ:
ಹದಿನೈದು ಭಾಷೆಯ ಏಣಿ, ಮೇಲಿಂದ ನಾಲ್ಕನೆಯದು ನಮ್ಮದು.
'ಈ ಏಣಿ ಸರಹದ್ದಿನಲ್ಲಿ ಮುಗಿಯುತ್ತದಮ್ಮ,
ಆದರೆ ಒಳಗಿರುವಷ್ಟು ಹೊತ್ತು ಯಾರಪ್ಪನನ್ನೂ ಕೇಳುವುದಿಲ್ಲ.'
ನಕ್ಕಳು.
ಆಮೇಲೆ ನನಗೇ ನೆನಪಾಯಿತು,
ಒಂದು ರಾತ್ರಿ ಎಂಟು ಗಂಟೆಗೆ, ಟೀವಿಯ ಮುಂದೆ ಊಟದ ತಟ್ಟೆ ಹಿಡಿದಿದ್ದಾಗ,
ನನ್ನ ಕೈ ಹಾದುಹೋದ ಕಂತೆಗಳೆಲ್ಲ ಬರೀ ಕಾಗದವಾದದ್ದು.
ಅದನ್ನು ಹೇಳಲಿಲ್ಲ.

ಎಳನೀರಿನ ಪುಟ್ಟಮಾದಪ್ಪನ ಗಾಡಿಯಲ್ಲಿ ಡಬ್ಬಿ ಮಾತಾಡುತ್ತದೆ:
ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ.
ಅದಕ್ಕೆ ನಮ್ಮ ಬ್ಯಾಂಕೇ ಬೇಕು, ನಮ್ಮ ನಂಬರೇ ಬೇಕು.
ತಾಯಿ ಅದರೆದುರು ಮೂಕಿ.

ಕೊನೆಗೆ ಫೋನು ಚಾಚಿದಳು: 'ಅಂಕಲ್, ಇದಕ್ಕೆ ದೇಶವಿಲ್ಲ.'
ಬಾಡಿಗೆಯಷ್ಟು ಡಿಜಿಟಲ್ ನಾಣ್ಯ,
ಬೆಳಿಗ್ಗೆ ಒಂದು ಬೆಲೆ, ಅಂಬಲಿ ಆರುವುದರೊಳಗೆ ಇನ್ನೊಂದು.
ಆಡಿಟರ ಬಳಿ ಗುಮಾಸ್ತನಾಗಿರುವ ಭಾಮೈದ ನಾಗಭೂಷಣನನ್ನು ಕೇಳಿದೆ.
'ಹಣ ಅಂತ ಸರ್ಕಾರ ಒಪ್ಪಿಲ್ಲ ಭಾವ,
ಬೇಡ ಅಂತಲೂ ಅಂದಿಲ್ಲ.
ಲಾಭ ಬಂದರೆ ಏಪ್ರಿಲಿನಿಂದ ನೂರಕ್ಕೆ ಮೂವತ್ತು ಕಟ್ಟಿ,
ನಷ್ಟವಾದರೆ ನೀವೇ ಇಟ್ಟುಕೊಳ್ಳಿ.'
ಕೂಸು ಇದೆಯೋ ಇಲ್ಲವೋ ಹೇಳುವವರಿಲ್ಲ,
ಕುಲಾವಿಗೆ ಮಾತ್ರ ಸುಂಕ!
ಒಳಗಿಂದ ದಾಕ್ಷಾಯಣಿ:
'ಪೆನ್ಷನ್ ಮೇಲೆ ನೋಟೀಸು ತರಿಸಿಕೊಳ್ಳಬೇಡಿ. ಬಾಡಿಗೆ ಇರಲಿ ಬಿಡಿ.'

ಮಾದಪ್ಪ ಗಾಡಿಯ ಹಲಗೆಗೆ ಮಚ್ಚಿನ ತುದಿಯಲ್ಲಿ ಗೀರು ಹಾಕತೊಡಗಿದ,
ದಿನಕ್ಕೊಂದು. ಹದಿನೇಳರವರೆಗೆ ನಾನೇ ಎಣಿಸಿದ್ದೇನೆ,
ಬಿಟ್ಟುಹೋಗದ ಚಟ.
'ಅವ್ಳ ದೇಸ್ದೋರು ಏನ್ ಮಾಡವ್ರೋ ನಂಗೊತ್ತಿಲ್ಲ ಸಾ,
ಕಾಯಿ ಕುಡ್ದೋಳು ಇವ್ಳು.'

ಏಪ್ರಿಲಿನ ನಡುವೆ ಅಲ್ಮಾಟಿಯಿಂದ ಬಂದ ಗೆಳತಿ ಡಾಲರು ತಂದಳು.
ದೇವರಾಜ ಅರಸು ರಸ್ತೆಯ ವಿನಿಮಯದವನು
ಒಂದನ್ನು ಬೆಳಕಿಗೆ ಹಿಡಿದು ವಾಪಸು ತಳ್ಳಿದ,
ಮಡಿಕೆ ಬಿದ್ದಿದೆಯಂತೆ.
ಉಳಿದದ್ದರಲ್ಲಿ ಗೀರುಗಳೆಲ್ಲ ತೀರಿದವು, ಬಾಡಿಗೆ ಮುಕ್ಕಾಲು.
ಅವಳು ಕೊಟ್ಟ ಐನೂರರ ಅಂಚನ್ನು ಹೆಬ್ಬೆರಳಲ್ಲಿ ಸವರಿದೆ.
ನಮ್ಮ ಪ್ರೆಸ್ಸಿನದೋ, ಬೇರೆ ಕಡೆಯದೋ,
ಬೆರಳಿಗೆ ತಿಳಿಯಲಿಲ್ಲ.

ಹೊರಡುವಾಗ ಕಾರ್ಡು ಅಡಿಗೆಮನೆಯ ಕಟ್ಟೆಯ ಮೇಲೆ ಉಳಿಯಿತು.
ಮರೆತಳೋ, ಬೇಕೆಂದೇ ಬಿಟ್ಟಳೋ.
ಅವಳೂರಿನ ಒಳಗೆ ಅಂಥ ಕಾರ್ಡು ಈಗಲೂ ನಡೆಯುತ್ತದಂತೆ,
ಒಳಗಾಲುವೆಯ ನೀರು.
ಇಲ್ಲಿ ದಾಕ್ಷಾಯಣಿ ಅದರಲ್ಲಿ ಒರಳಿನ ಹಿಟ್ಟು ಬಳಿಯುತ್ತಾಳೆ.
ಅಕ್ಷರಗಳ ಸಂದಿಯಲ್ಲಿ ಉದ್ದು ಒಣಗಿ ಕೂತು
ಹೆಸರು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.